ಹಾರ್ಡ್‌ವೇರ್ ಸೀಕ್ವೆನ್ಸರ್ ಮೇಲೆ ಪೂರ್ತಿ ಟ್ರ್ಯಾಕ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಕಂಪ್ಯೂಟರ್ ಇಲ್ಲದೆ ಸೀಕ್ವೆನ್ಸರ್ (ಧ್ವನಿಗಳನ್ನು ಸಾಲಾಗಿ ಜೋಡಿಸಿದರೆ ತಾನೇ ನುಡಿಸುವ ಪೆಟ್ಟಿಗೆ) ಮೇಲೆಯೇ ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಸ್ಟೆಪ್ (ಒಂದು ಪೆಟ್ಟು ಕೂರುವ ಜಾಗ) ಹಾಕುವುದು, ಸ್ಯಾಂಪಲ್ (ರೆಕಾರ್ಡ್ ಮಾಡಿದ ಧ್ವನಿ) ತುಂಬುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆದಿದ್ದೇವೆ. ಉದಾಹರಣೆಗೆ ಡಿಜಿಟ್ಯಾಕ್ಟ್, ಸರ್ಕಿಟ್ ಟ್ರ್ಯಾಕ್ಸ್, ವೋಲ್ಕಾ ಎಂಬ ಪೆಟ್ಟಿಗೆಗಳ ಹೆಸರು ಬರುತ್ತವೆ. ನಿಮ್ಮ ಪೆಟ್ಟಿಗೆ ಬೇರೆಯಾದರೂ ಲೆಕ್ಕ ಅದೇ.

ಒಂದು ಪ್ಯಾಟರ್ನ್ ಮಸ್ತ್ ಆಗೇತ್ರಿ. ಆದ್ರ ಅಲ್ಲೇ ನಿಂತೇತಿ, ಹಾಡು ಆಗವಲ್ದು. ಏನ್ ಮಾಡಬೇಕು?

ಹೊಸ ಪ್ಯಾಟರ್ನ್ (ಸುತ್ತಿ ಸುತ್ತಿ ನುಡಿಯುವ ಒಂದು ತುಣುಕು) ಬರೆಯಲು ಕೂಡಬೇಡಿ, ಇರುವುದರಲ್ಲಿ ಕಳೆಯುತ್ತ ಹೋಗಿ. ಈಗ ಮಸ್ತ್ ಆಗಿರುವುದು ನಿಮ್ಮ ಟ್ರ್ಯಾಕಿನ ಅತಿ ತುಂಬಿದ ಜಾಗ. ಕೇಳುಗರು ಅಲ್ಲಿಗೆ ಎರಡನೇ ಮೂರನೇ ನಿಮಿಷದ ಹೊತ್ತಿಗೆ ಬಂದು ಮುಟ್ಟಬೇಕು.

ಆ ಪ್ಯಾಟರ್ನನ್ನು ಬ್ಯಾಂಕಿನ ಐದನೇ ಜಾಗಕ್ಕೆ ಕಾಪಿ ಮಾಡಿ. ಅದನ್ನೇ ನಾಲ್ಕನೆಯದಕ್ಕೆ ಪೇಸ್ಟ್ ಮಾಡಿ, ಲೀಡ್ ಮತ್ತು ಒಂದು ಪರ್ಕಶನ್ ಅಳಿಸಿ. ನಾಲ್ಕನೆಯದನ್ನು ಮೂರಕ್ಕೆ ಹಾಕಿ, ಕ್ಲ್ಯಾಪ್ ತೆಗೆಯಿರಿ, ಬೇಸಿನ ಡಿಕೇ (ಧ್ವನಿ ಆರಿಹೋಗುವ ಹೊತ್ತು) ಅರ್ಧಕ್ಕೆ ಇಳಿಸಿ. ಎರಡನೆಯದರಲ್ಲಿ ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು), ಹ್ಯಾಟ್ (ತಾಳದಂಥ ಚುರುಕು ಸದ್ದು) ಮತ್ತು ಬೇಸಿನ ಮೊದಲ ಸ್ವರ ಮಾತ್ರ ಉಳಿಯಲಿ. ಒಂದನೆಯದರಲ್ಲಿ ಕಿಕ್ ಮತ್ತು ಒಂದೇ ಒಂದು ಪರ್ಕಶನ್. ಆರನೆಯದು ಬ್ರೇಕ್: ಐದನೆಯದರಿಂದ ಕಿಕ್, ಬೇಸ್ ಎರಡೂ ತೆಗೆದರೆ ಉಳಿಯುವುದು. ಏಳರಲ್ಲಿ ಐದನೆಯದೆಲ್ಲ ಇದ್ದು, ಜೊತೆಗೆ ಈವರೆಗೆ ಕೇಳಿಸದ ಒಂದು ಹೊಸ ಧ್ವನಿ. ಎಂಟು ಮುಗಿತಾಯಕ್ಕೆ. ಇಷ್ಟಾದರೆ ಟ್ರ್ಯಾಕಿನ ಅಸ್ಥಿಪಂಜರ ಸಿದ್ಧ, ಮತ್ತು ಎಲ್ಲ ಭಾಗಗಳೂ ಒಂದೇ ಮೂಲದಿಂದ ಬಂದದ್ದರಿಂದ ಒಂದಕ್ಕೊಂದು ಹೊಂದುತ್ತವೆ.

ಇಲ್ಲಿ ಎಡವುವ ಜಾಗ ಎರಡು. ಮೊದಲನೆಯದು, ಧ್ವನಿ ಪಕ್ಕಾ ಆಗುವ ಮೊದಲೇ ಕಾಪಿ ಮಾಡುವುದು. ಡಿಜಿಟ್ಯಾಕ್ಟ್‌ನಂಥ ಪೆಟ್ಟಿಗೆಯಲ್ಲಿ ಧ್ವನಿಯ ಸೆಟ್ಟಿಂಗ್ ಪ್ರತಿ ಪ್ಯಾಟರ್ನ್ ಜೊತೆ ಬೇರೆಬೇರೆಯಾಗಿ ಉಳಿಯುತ್ತದೆ. ಆಮೇಲೆ ಐದರಲ್ಲಿ ಕಿಕ್ ತಿದ್ದಿದರೆ ಉಳಿದ ಏಳರಲ್ಲಿ ಹಳೇ ಕಿಕ್ಕೇ ಇರುತ್ತದೆ. ಲೆವೆಲ್, ಟ್ಯೂನಿಂಗ್, ಫಿಲ್ಟರ್ ಎಲ್ಲ ಮುಗಿಸಿದ ಮೇಲೆಯೇ ಕಾಪಿಗೆ ಕೈ ಹಾಕಿ. ಎರಡನೆಯದು, ಅಳಿಸುವ ಬದಲು ಮ್ಯೂಟ್ ಮಾಡಿ ಬಿಡುವುದು. ಕೆಲವು ಯಂತ್ರಗಳಲ್ಲಿ ಮ್ಯೂಟ್ ಪ್ಯಾಟರ್ನ್ ಜೊತೆ ಸೇವ್ ಆಗುವುದಿಲ್ಲ. ಡಿಜಿಟ್ಯಾಕ್ಟ್‌ನಲ್ಲಿ ಗ್ಲೋಬಲ್ ಮ್ಯೂಟ್, ಪ್ಯಾಟರ್ನ್ ಮ್ಯೂಟ್ ಎಂದು ಎರಡಿವೆ, ಯಾವುದು ಒತ್ತುತ್ತಿದ್ದೀರಿ ಎಂಬುದು ಗೊತ್ತಿರಬೇಕು. ಸ್ಟೆಪ್ ಅಳಿಸಿದರೆ ಈ ಗೊಂದಲವೇ ಇಲ್ಲ.

ಒಂದು ಪರೀಕ್ಷೆ: ಎರಡನೇ ಪ್ಯಾಟರ್ನ್ ಒಂದನ್ನೇ ಪೂರ್ತಿ ಒಂದು ನಿಮಿಷ ಬಿಟ್ಟು ಕೇಳಿ. ಬೇಸರ ಬಂದರೆ ಅರೇಂಜ್‌ಮೆಂಟಿನ ತಪ್ಪಲ್ಲ, ಕಿಕ್ ಮತ್ತು ಹ್ಯಾಟ್ ಧ್ವನಿಯಲ್ಲೇ ಜೀವ ಕಡಿಮೆ ಇದೆ. ಎಂಟು ಧ್ವನಿ ಸೇರಿದಾಗ ಅದು ಮುಚ್ಚಿಹೋಗಿತ್ತು ಅಷ್ಟೇ. ಮೊದಲು ಅದನ್ನು ಸರಿಮಾಡಿ.

ಯಾವ ಭಾಗ ಎಷ್ಟು ಬಾರ್ ಇರಬೇಕ್ರಿ?

ನಾಲ್ಕು ಬೀಟಿನ ಬಾರ್ ಆದರೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟು) ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಬಾರ್ ಎಂದು ಸಿಗುತ್ತದೆ. 96ಕ್ಕೆ 24 ಬಾರ್, 120ಕ್ಕೆ 30, 124ಕ್ಕೆ 31, 128ಕ್ಕೆ 32. ಹದಿನಾರು ಸ್ಟೆಪ್ ಒಂದು ಬಾರ್, 64 ಸ್ಟೆಪ್ಪಿನ ಪ್ಯಾಟರ್ನ್ ನಾಲ್ಕು ಬಾರ್.

124 ಬಿಪಿಎಂನ ಒಂದು ಹೌಸ್ ಟ್ರ್ಯಾಕ್ ತೆಗೆದುಕೊಳ್ಳಿ. ಶುರು 16 ಬಾರ್, ಬೇಸ್ ಬಂದು ಬೆಳೆಯುವುದು 32, ತುಂಬಿದ ಭಾಗ 32, ಬ್ರೇಕ್ 16, ಹೊಸ ಧ್ವನಿಯೊಂದಿಗೆ ಮತ್ತೆ ತುಂಬಿದ್ದು 48, ಇಳಿಯುವುದು 24, ಮುಗಿತಾಯ 16. ಒಟ್ಟು 184 ಬಾರ್, ಅಂದರೆ 6 ನಿಮಿಷಕ್ಕೆ ನಾಲ್ಕು ಸೆಕೆಂಡ್ ಕಡಿಮೆ. ಬ್ರೇಕ್ ಬರುವುದು 80 ಬಾರ್ ಆದ ಮೇಲೆ, 2 ನಿಮಿಷ 35 ಸೆಕೆಂಡಿನ ಹತ್ತಿರ. ನಾಲ್ಕು ಬಾರಿನ ಪ್ಯಾಟರ್ನ್ ಇದ್ದರೆ ಸಾಂಗ್ ಮೋಡಿನ (ಪ್ಯಾಟರ್ನುಗಳನ್ನು ಪಟ್ಟಿಯಂತೆ ತಾನೇ ನುಡಿಸುವ ವ್ಯವಸ್ಥೆ) ಸಾಲುಗಳಲ್ಲಿ ರಿಪೀಟ್ 4, 8, 8, 4, 12, 6, 4 ಎಂದು ಬರೆದರೆ ಮುಗಿಯಿತು.

ಬೇರೆ ಡಿಜೆ ನಿಮ್ಮ ಟ್ರ್ಯಾಕ್ ಮಿಕ್ಸ್ ಮಾಡಬೇಕೆಂದಿದ್ದರೆ ಶುರು ಮತ್ತು ಕೊನೆ 16 ಬಾರ್‌ಗಿಂತ ಕಡಿಮೆ ಇಡಬೇಡಿ. ಮನೆಯಲ್ಲಿ ಕೇಳುವ ಟ್ರ್ಯಾಕ್ ಆದರೆ ಎಂಟೇ ಸಾಕು, ನಾಲ್ಕಾದರೂ ನಡೆಯುತ್ತದೆ.

ಭಾಗ ಬದಲಾಗೋ ಜಾಗದಾಗ ಏನೋ ತಟ್ಟನೆ ಕಡದಂಗ ಕೇಳಸ್ತೈತಿ. ಯಾಕ?

ಬದಲಾವಣೆ ಬರುತ್ತಿದೆ ಎಂದು ಮೊದಲೇ ಯಾರೂ ಹೇಳಿಲ್ಲ, ಅದಕ್ಕೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರು ಹಾಡಿದ ಈ ಸೀಮೆಯಲ್ಲಿ ಸಮ್ (ತಾಳದ ಮೊದಲ ಎಣಿಕೆ) ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಾಡುವವರು ಎಲ್ಲೆಲ್ಲಿ ತಿರುಗಾಡಿದರೂ ಸಮ್ ಹತ್ತಿರ ಬರುತ್ತಿದ್ದಂತೆ ಮುಖಡಾ (ಹಾಡಿನ ಮರಳಿ ಬರುವ ಮೊದಲ ಸಾಲು) ಸುಳಿವು ಕೊಡುತ್ತದೆ, ಬೈಠಕ್ಕಿನಲ್ಲಿ ಕೂತವರ ತಲೆ ಅದಕ್ಕೆ ಸರಿಯಾಗಿ ಆಡುತ್ತದೆ. ಅರೇಂಜ್‌ಮೆಂಟ್ ಎಂಬುದರಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ: ಎಂಟನೇ ಬಾರಿನ ಕೊನೆಯಲ್ಲಿ ಸುಳಿವು, ಒಂಬತ್ತನೆಯದರ ಮೊದಲ ಸ್ಟೆಪ್ಪಿನಲ್ಲಿ ಇಳಿಯುವುದು. ಯಾವ ಧ್ವನಿ ಬಂತು, ಯಾವುದು ಹೋಯಿತು ಎಂಬುದು ಆಮೇಲಿನ ಮಾತು.

ಸುಳಿವಿಗೆ ತುಂಬ ಸರಳ ದಾರಿ, ಕೊನೆಯ ಬಾರಿನ ಕೊನೆಯ ನಾಲ್ಕು ಸ್ಟೆಪ್ಪಿನಲ್ಲಿ ಕಿಕ್ ತೆಗೆಯುವುದು. ಖಾಲಿಯಾದ ಆ ಒಂದು ಬೀಟಿನಿಂದಲೇ ಮುಂದಿನ ಕಿಕ್‌ಗೆ ತೂಕ ಬರುತ್ತದೆ.

ಅದಕ್ಕಿಂತ ಚೆಂದ ಬೇಕಿದ್ದರೆ ತಿಹಾಯಿ (ಮೂರು ಸಲ ಬಂದು ಸಮ್ ಮೇಲೆ ಮುಗಿಯುವ ತುಣುಕು) ಹಾಕಿ. ಹದಿನಾರು ಸ್ಟೆಪ್ಪಿನ ಬಾರಿನಲ್ಲಿ ಲೆಕ್ಕ ಹೀಗೆ. ಐದು ಸ್ಟೆಪ್ಪಿನ ಒಂದು ತುಣುಕು ಮೂರು ಸಲ ಬರಬೇಕು, ಕೊನೆಯ ಪೆಟ್ಟು 17ನೇ ಸ್ಟೆಪ್ಪಿಗೆ, ಅಂದರೆ ಮುಂದಿನ ಬಾರಿನ ಒಂದನೇ ಸ್ಟೆಪ್ಪಿಗೆ ಬೀಳಬೇಕು. ಹಾಗಾದರೆ ಶುರುವಾಗುವುದು ಮೂರನೇ ಸ್ಟೆಪ್ಪಿನಿಂದ. ಪೆಟ್ಟುಗಳು 3, 4, 5, 7. ಮತ್ತೆ 8, 9, 10, 12. ಮತ್ತೆ 13, 14, 15, ಆಮೇಲೆ ಸಮ್. 6, 11, 16 ಖಾಲಿ. ಇದನ್ನು ಸ್ನೇರ್ ಅಥವಾ ಟಾಮ್ ಮೇಲೆ ಹಾಕಿ, ಆ ಬಾರಿನ ಮಟ್ಟಿಗೆ ಕಿಕ್‌ನ 9 ಮತ್ತು 13 ತೆಗೆಯಿರಿ. ಇಲ್ಲದಿದ್ದರೆ ಎರಡು ಲೆಕ್ಕ ಒಂದರ ಮೇಲೊಂದು ಬಿದ್ದು ತಿಹಾಯಿ ಕೇಳಿಸುವುದೇ ಇಲ್ಲ. ಕೊನೆಯ ಪೆಟ್ಟನ್ನು ತಿಹಾಯಿ ಇರುವ ಈ ಫಿಲ್ ಪ್ಯಾಟರ್ನಿನಲ್ಲಿ ಹುಡುಕಬೇಡಿ, ಅದು ಮುಂದಿನ ಪ್ಯಾಟರ್ನಿನದು. ಅಲ್ಲಿಯ ಕಿಕ್ಕೇ ಅದನ್ನು ಹೊಡೆಯುತ್ತದೆ.

ಡಿಜಿಟ್ಯಾಕ್ಟ್‌ನಲ್ಲಿ ಇದಕ್ಕೆ ಬೇರೆ ಪ್ಯಾಟರ್ನೇ ಬೇಡ. ಒಂದು ಬಾರಿನ ಪ್ಯಾಟರ್ನ್ ಆದರೆ ತಿಹಾಯಿಯ ಸ್ಟೆಪ್ಪುಗಳಿಗೆ 8:8 ಎಂಬ ಟ್ರಿಗ್ ಕಂಡಿಶನ್ ಕೊಡಿ, ಎಂಟನೇ ಸುತ್ತಿನಲ್ಲಿ ಮಾತ್ರ ನುಡಿಯುತ್ತವೆ. ಅಥವಾ ಫಿಲ್ ಕಂಡಿಶನ್ ಕೊಟ್ಟು, ಬೇಕಾದಾಗ ಪೇಜ್ ಬಟನ್ ಒತ್ತಿ ಹಿಡಿಯಿರಿ. ಕೈಯಲ್ಲಿ ನುಡಿಸುವಾಗ ಎರಡನೆಯದೇ ಒಳ್ಳೆಯದು.

ಆದರೆ ಪ್ರತಿ ಎಂಟು ಬಾರ್‌ಗೂ ತಿಹಾಯಿ ಬೇಡ. ಆರು ನಿಮಿಷದಲ್ಲಿ ಎರಡು ಸಲ ಬಂದರೆ ಅದಕ್ಕೆ ಬೆಲೆ.

ಸಾಂಗ್ ಮೋಡ್ ಬಳಸೂದೋ, ಕೈಲೇ ಮ್ಯೂಟ್ ಮಾಡ್ಕೋತ ಹೋಗೂದೋ?

ಮೊದಲು ಕೈಯಲ್ಲಿ, ಆಮೇಲೆ ಸಾಂಗ್ ಮೋಡ್. ಕೈಯಲ್ಲಿ ಮ್ಯೂಟ್ ತೆಗೆಯುತ್ತ ಹಾಕುತ್ತ ಪೂರ್ತಿ ಟ್ರ್ಯಾಕ್ ನುಡಿಸಿ, ಫೋನಿನಲ್ಲಿಯಾದರೂ ರೆಕಾರ್ಡ್ ಮಾಡಿಕೊಳ್ಳಿ. ಮರುದಿನ ಕಾಗದ ಇಟ್ಟುಕೊಂಡು ಕೇಳಿ: ಎಷ್ಟನೇ ಬಾರ್‌ಗೆ ಏನು ಬಂತು, ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು ಬರೆದುಕೊಳ್ಳಿ. ಆ ಕಾಗದವೇ ಸಾಂಗ್ ಮೋಡಿನ ಪಟ್ಟಿ. ಮೊದಲೇ ಸಾಲು ಬರೆಯಲು ಕೂತರೆ ಎಲ್ಲ ಭಾಗವೂ 16 ಬಾರ್ ಆಗಿ, ಗಣಿತ ಸರಿಯಿದ್ದು ಹಾಡು ಸತ್ತಿರುತ್ತದೆ.

ಎಲ್ಲ ಪೆಟ್ಟಿಗೆಗೂ ಸಾಂಗ್ ಮೋಡ್ ಇಲ್ಲ. ವೋಲ್ಕಾ ಬೀಟ್ಸ್‌ನಲ್ಲಿ 16 ಸ್ಟೆಪ್ಪಿನ ಎಂಟು ಪ್ಯಾಟರ್ನ್ ಜಾಗ ಅಷ್ಟೇ, ಉಳಿದದ್ದು ಕೈಯ ಕೆಲಸ. ಸರ್ಕಿಟ್ ಟ್ರ್ಯಾಕ್ಸ್‌ನಲ್ಲಿ ಪ್ರತಿ ಟ್ರ್ಯಾಕಿಗೆ (ಇಲ್ಲಿ ಹಾಡಲ್ಲ, ಪೆಟ್ಟಿಗೆಯೊಳಗೆ ಒಂದು ಧ್ವನಿಯ ಸಾಲು) 32 ಸ್ಟೆಪ್ಪಿನವರೆಗಿನ ಎಂಟು ಪ್ಯಾಟರ್ನ್, ಅವನ್ನು ಜೋಡಿಸಿಡಲು 16 ಸೀನ್ ಇವೆ. ಸೀನ್‌ಗಳನ್ನೇ ಚೈನ್ ಮಾಡಿದರೆ ಪೂರ್ತಿ ಹಾಡು ಆಗುತ್ತದೆ. ಮೊದಲ ಡಿಜಿಟ್ಯಾಕ್ಟ್ 2017ರಲ್ಲಿ ಬಂದಾಗ ಸಾಂಗ್ ಮೋಡ್ ಇರಲಿಲ್ಲ, ನಂತರದ ಅಪ್‌ಡೇಟಿನಲ್ಲಿ ಸೇರಿತು. ಸೆಕೆಂಡ್ ಹ್ಯಾಂಡ್ ತಂದವರು ಹಳೇ ಓಎಸ್ ಇದೆಯೇ ನೋಡಿ.

ಸಾಂಗ್ ಮೋಡ್ ಇದ್ದರೂ ಒಂದು ಕೈ ಫಿಲ್ಟರ್ ಮೇಲಿರಲಿ. ಪಟ್ಟಿ ರಚನೆ ಹಿಡಿದಿರುತ್ತದೆ, ಉಸಿರು ನಿಮ್ಮ ಕೈಯದು.

ಪ್ಯಾಟರ್ನ್ ಬಟನ್ ಒತ್ತಿದ್ರ ಬದಲಾಗೂದು ತಡ ಆಕ್ಕೈತಿ. ಎರಡನೇ ಮಷಿನ್ ಅಂತೂ ಬ್ಯಾರೇ ಪ್ಯಾಟರ್ನಿಗೇ ಹೋಕ್ಕೈತಿ.

ತಡವಾಗುವುದು ದೋಷವಲ್ಲ. ಸೀಕ್ವೆನ್ಸರ್ ಈಗಿನ ಪ್ಯಾಟರ್ನ್ ಮುಗಿಯುವವರೆಗೆ ಕಾಯುತ್ತದೆ. 64 ಸ್ಟೆಪ್ಪಿನ ಪ್ಯಾಟರ್ನಿನ ಮೊದಲ ಬಾರಿನಲ್ಲೇ ಒತ್ತಿದರೆ 120 ಬಿಪಿಎಂನಲ್ಲಿ ಆರರಿಂದ ಎಂಟು ಸೆಕೆಂಡ್ ಕಾಯಬೇಕು. ಟ್ರ್ಯಾಕಿಗೊಂದು ಉದ್ದ ಇಟ್ಟಿದ್ದರೆ ಮಾಸ್ಟರ್ ಲೆಂತ್ (ಎಲ್ಲ ಸಾಲುಗಳೂ ಮತ್ತೆ ಮೊದಲಿನಿಂದ ಶುರುವಾಗುವ ಉದ್ದ) ಮತ್ತು ಚೇಂಜ್ ಲೆಂತ್ (ಪ್ಯಾಟರ್ನ್ ಬದಲಾಗುವ ಮೊದಲು ಕಾಯುವ ಉದ್ದ) ನೋಡಿ. ಚೇಂಜ್ ಲೆಂತ್ 16 ಇಟ್ಟರೆ ಪ್ರತಿ ಬಾರಿನ ಕೊನೆಗೆ ಬದಲಾಗಲು ಅವಕಾಶ ಸಿಗುತ್ತದೆ.

ಎರಡನೇ ಯಂತ್ರ ಬೇರೆ ಪ್ಯಾಟರ್ನಿಗೆ ಹೋಗುವುದು ಬಹಳ ಸಲ ಒಂದರ ಎಣಿಕೆಯ ತಪ್ಪು. ಮಿಡಿಯಲ್ಲಿ (ಯಂತ್ರಗಳು ಒಂದಕ್ಕೊಂದು ಮಾತಾಡುವ ಭಾಷೆ) ಪ್ರೋಗ್ರಾಂ ಚೇಂಜ್, ಅಂದರೆ ಪ್ಯಾಟರ್ನ್ ಬದಲಿಸುವ ಸಂದೇಶ, 0ಯಿಂದ 127ರವರೆಗೆ ಹೋಗುತ್ತದೆ, ಕೆಲವು ಯಂತ್ರಗಳ ಪರದೆ ಅದನ್ನೇ 1ರಿಂದ 128 ಎಂದು ತೋರಿಸುತ್ತದೆ. ಡಿಜಿಟ್ಯಾಕ್ಟ್‌ನ ಎ01 ಅಂದರೆ 0, ಎ16 ಅಂದರೆ 15, ಬಿ01 ಅಂದರೆ 16. ಇನ್ನೊಂದು ಸಂಗತಿ, ಎರಡನೆಯದೂ ತನ್ನ ಪ್ಯಾಟರ್ನ್ ಮುಗಿಸಿಯೇ ಜಿಗಿಯುತ್ತದೆ. ಮೊದಲನೆಯದು 64, ಎರಡನೆಯದು 16 ಸ್ಟೆಪ್ ಇದ್ದರೆ ಎರಡನೆಯದು ಮೂರು ಬಾರ್ ಮೊದಲೇ ಹಾರಿಬಿಡಬಹುದು. ಎರಡರ ಉದ್ದ ಒಂದೇ ಇಡಿ, ಇಲ್ಲವೇ ಬಟನ್ನನ್ನು ಕೊನೆಯ ಬಾರಿನಲ್ಲಿ ಮಾತ್ರ ಒತ್ತಿ.

ಪ್ಯಾಟರ್ನ್ ಬದಲಾದಾಗ ರಿವರ್ಬ್ ಕಟ್ ಆಕ್ಕೈತಿ.

ಹೊಸ ಪ್ಯಾಟರ್ನಿನಲ್ಲಿ ರಿವರ್ಬ್ (ಕೋಣೆಯ ಗುಂಗು) ಅಥವಾ ಡಿಲೇ (ಮರುದನಿ) ಸೆಟ್ಟಿಂಗ್ ಬೇರೆ ಇದ್ದರೆ ಬಾಲ ಮುರಿಯುತ್ತದೆ ಅಥವಾ ಬಣ್ಣ ಬದಲಿಸುತ್ತದೆ. ಒಂದು ಟ್ರ್ಯಾಕಿನ ಎಲ್ಲ ಪ್ಯಾಟರ್ನುಗಳಲ್ಲೂ ಈ ಎರಡರ ಸೆಟ್ಟಿಂಗ್ ಒಂದೇ ಇಡಿ, ಬದಲಾಯಿಸಬೇಕಾದದ್ದು ಸೆಂಡ್ (ಅವಕ್ಕೆ ಕಳಿಸುವ ಧ್ವನಿಯ) ಪ್ರಮಾಣ ಮಾತ್ರ. ಉದ್ದನೆಯ ಪ್ಯಾಡ್ ಕಡಿಯುತ್ತಿದ್ದರೆ ಹೊಸ ಪ್ಯಾಟರ್ನಿನ ಅದೇ ಟ್ರ್ಯಾಕಿನಲ್ಲಿ ಒಂದನೇ ಸ್ಟೆಪ್ಪಿಗೆ ಏನೂ ಹಾಕಬೇಡಿ.

ರೂಪಕ, ಝಪತಾಲ ಹಾಕಬಹುದೇನ್ರಿ? ಮಷಿನ್ ಹದಿನಾರೇ ತೋರಸ್ತೈತಿ.

ಹದಿನಾರು ಎಂಬುದು ಬಟನ್ನುಗಳ ಸಂಖ್ಯೆ. ಟ್ರ್ಯಾಕಿನ ಉದ್ದ ಬದಲಾಯಿಸಲು ಬರುವ ಯಾವ ಪೆಟ್ಟಿಗೆಯಲ್ಲೂ ತಾಳ ಕೂರುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲೋ ಧಾರವಾಡದಲ್ಲೋ ತಬಲಾ ಕಲಿತವರಿಗೆ ಇದು ಹೆಚ್ಚೇನೂ ಕಷ್ಟವಲ್ಲ.

ಮಾತ್ರೆಗೆ (ತಾಳದ ಒಂದು ಎಣಿಕೆಗೆ) ನಾಲ್ಕು ಸ್ಟೆಪ್ ಹಿಡಿಯಿರಿ. ಆಗ ಬಿಪಿಎಂ ಎಂದರೆ ಮಾತ್ರೆಯ ವೇಗವೇ. ದಾದ್ರಾ 24 ಸ್ಟೆಪ್, ರೂಪಕ 28, ಕೆಹರ್ವಾ 32, ಝಪತಾಲ 40, ದೀಪಚಂದಿ 56, ತೀನತಾಲ 64. ಪೆಟ್ಟಿಗೆ ಚಿಕ್ಕದಾಗಿದ್ದರೆ ಮಾತ್ರೆಗೆ ಎರಡು ಸ್ಟೆಪ್ ಹಿಡಿದು ಎಲ್ಲ ಅರ್ಧ ಮಾಡಿ. ಆಗ ಬಿಪಿಎಂ ಕೂಡ ಅರ್ಧ ಇಡಬೇಕು, ಇಲ್ಲದಿದ್ದರೆ ತಾಳ ದುಪ್ಪಟ್ಟು ಓಡುತ್ತದೆ.

ರೂಪಕದ ವಿಭಾಗ 3, 2, 2. ಅಂದರೆ 28 ಸ್ಟೆಪ್ಪಿನಲ್ಲಿ 1, 13, 21ಕ್ಕೆ ವಿಭಾಗ ಶುರುವಾಗುತ್ತದೆ. ಎಲ್ಲರೂ ತಪ್ಪುವುದು ಇಲ್ಲಿ: ಒಂದನೇ ಸ್ಟೆಪ್ಪಿಗೆ ಕಿಕ್ ಹಾಕಿಬಿಡುತ್ತಾರೆ. ರೂಪಕದ ಸಮ್ ಖಾಲಿ, ಅಂದರೆ ತೂಕವಿಲ್ಲದ ಹಗುರ ಜಾಗ. ಠೇಕಾ (ತಾಳದ ತಬಲಾ ಬೋಲ್) ತಿಂ ತಿಂ ನಾ, ಧಿಂ ನಾ, ಧಿಂ ನಾ. ಡಗ್ಗಾದ (ತಬಲಾ ಜೋಡಿಯ ದೊಡ್ಡ ಎಡದ ವಾದ್ಯ) ತೂಕ ಧಿಂ ಮೇಲೆ ಬರುತ್ತದೆ. ಆದ್ದರಿಂದ ಕಿಕ್ 13 ಮತ್ತು 21ಕ್ಕೆ, ಒಂದಕ್ಕೆ ಹಗುರವಾದ ರಿಮ್ ಅಥವಾ ಹ್ಯಾಟ್. ಇಷ್ಟು ಮಾಡಿದರೆ ಏಳು ಮಾತ್ರೆ ರೂಪಕ ಎನಿಸುತ್ತದೆ. ಒಂದಕ್ಕೇ ಕಿಕ್ ಹೊಡೆದರೆ ಏಳು ಎಂದು ಎಣಿಸಿದಂತೆ ಇರುತ್ತದೆ, ಅಷ್ಟೇ.

ಕುಣಿಯಲು ನಾಲ್ಕರ ಕಿಕ್ ಬೇಕು, ಅದರ ಮೇಲೆ ರೂಪಕವೂ ಬೇಕು ಎಂದರೆ ಕಿಕ್ ಟ್ರ್ಯಾಕ್ 16, ರೂಪಕದ ಟ್ರ್ಯಾಕ್ 28 ಇಡಿ. ಎರಡೂ ಒಂದನೇ ಸ್ಟೆಪ್ಪಿನಲ್ಲಿ ಮತ್ತೆ ಕೂಡುವುದು 112 ಸ್ಟೆಪ್ ಆದ ಮೇಲೆ: ಏಳು ಬಾರ್, ರೂಪಕದ ನಾಲ್ಕು ಆವರ್ತನ (ಸುತ್ತು), 120 ಬಿಪಿಎಂನಲ್ಲಿ 14 ಸೆಕೆಂಡ್. ಮಾಸ್ಟರ್ ಲೆಂತ್ ಕೂಡ 112 ಮಾಡಿ. ಅದು 64ರಲ್ಲೇ ಉಳಿದರೆ ಮೂರನೇ ಆವರ್ತನ ಎರಡು ಮಾತ್ರೆಗೆ ಕಡಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮಷಿನ್ ಹಾಳಾಗಿದೆ ಎಂದು ಅಂಗಡಿಗೆ ಒಯ್ಯುವ ಮೊದಲು ಇದನ್ನು ನೋಡಿ. ಇಂಥ ಟ್ರ್ಯಾಕಿನಲ್ಲಿ ಭಾಗಗಳನ್ನು 8, 16 ಬಾರ್ ಎಂದು ಬಿಟ್ಟು 7, 14, 28 ಬಾರಿಗೆ ಬದಲಿಸಬೇಕು. ಎರಡು ಲೆಕ್ಕ ಕೂಡುವ ಆ ಜಾಗದಲ್ಲೇ ಬ್ರೇಕ್ ಬಂದರೆ ಅದಕ್ಕಿಂತ ದೊಡ್ಡ ಸಮ್ ಇಲ್ಲ.

ತಂಬೂರಿ ಶ್ರುತಿ ಹಿಂದ ಇಡಬೇಕು. ಲೂಪ್ ಆದಾಗೆಲ್ಲ ಟಕ್ ಅಂತೈತಿ.

ಪ್ಯಾಟರ್ನ್ ಸುತ್ತು ಬಂದಾಗಲೆಲ್ಲ ಸ್ಯಾಂಪಲ್ ಮತ್ತೆ ಮೊದಲಿನಿಂದ ಶುರುವಾಗುವುದರಿಂದ ಆ ಸದ್ದು. ತಂಬೂರಿಯ ಸ್ಟೆಪ್ಪಿಗೆ ಮೊದಲ ಸುತ್ತಿನಲ್ಲಿ ಮಾತ್ರ ನುಡಿಯುವ ಕಂಡಿಶನ್ ಕೊಡಿ, ಸ್ಯಾಂಪಲ್ಲನ್ನು ಲೂಪ್ ಮೋಡಿಗೆ ಹಾಕಿ, ಆಟ್ಯಾಕ್ ಸ್ವಲ್ಪ ಏರಿಸಿ. ಲೂಪಿನ ಶುರು ಮತ್ತು ಕೊನೆ ಎರಡೂ ಒಂದೇ ತಂತಿ ಮೀಟುವ ಮೊದಲಿನ ಕ್ಷಣದಲ್ಲಿರಲಿ. ತಂಬೂರಿಯನ್ನು ಟೆಂಪೋಗೆ ಕಟ್ಟಿಹಾಕುವ ಅಗತ್ಯವಿಲ್ಲ, ಬಿಟ್ಟರೇ ಚೆಂದ. 200 ಹರ್ಟ್ಸ್ ಕೆಳಗಿನದ್ದನ್ನು ಫಿಲ್ಟರ್‌ನಿಂದ ತೆಗೆದರೆ ಬೇಸಿಗೆ ಜಾಗ ಸಿಗುತ್ತದೆ.

ಹಲಗಿ, ಜಗ್ಗಲಿಗಿ, ಝಾಂಜ್ ರೆಕಾರ್ಡ್ ಮಾಡೇವ್ರಿ. ಲೂಪ್ ಮಾಡಿದ್ರ ಕೂಡವಲ್ದು.

ಕೂಡುವುದಿಲ್ಲ. ಮೇಳ ಮೆರವಣಿಗೆಯ ಜೊತೆ ನಡೆಯುತ್ತ ನುಡಿಸುತ್ತದೆ, ಹುರುಪು ಬಂದಂತೆ ವೇಗ ಏರುತ್ತದೆ. ನಾಲ್ಕು ಬಾರ್ ಕತ್ತರಿಸಿ ತಂದರೆ ಶುರುವಿನ ವೇಗ ಬೇರೆ, ಕೊನೆಯದು ಬೇರೆ. ಅದನ್ನು ಎಳೆದು ಹಿಗ್ಗಿಸಿ ಹೊಂದಿಸಿದರೆ ಚರ್ಮದ ಧ್ವನಿ ಮಸುಕಾಗುತ್ತದೆ.

ಬಿಡಿ ಪೆಟ್ಟುಗಳನ್ನು ರೆಕಾರ್ಡ್ ಮಾಡಿ. ನುಡಿಸುವವರನ್ನು ಕೇಳಿಕೊಂಡು, ಬಯಲಿನಲ್ಲಿ, ಎರಡು ಮೂರು ಮೀಟರ್ ದೂರದಲ್ಲಿ ರೆಕಾರ್ಡರ್ ಇಟ್ಟು, ಜೋರಾದ ಪೆಟ್ಟು ಮೈನಸ್ 12 ಡೆಸಿಬಲ್ ದಾಟದಂತೆ ಲೆವೆಲ್ ಇಡಿ. ಒಂದೊಂದು ಪೆಟ್ಟನ್ನೂ ಮೆಲ್ಲಗೆ, ಮಧ್ಯಮ, ಜೋರು ಎಂದು ನಾಲ್ಕೈದು ಸಲ ಹೊಡೆಸಿ. ಒಂದೇ ಸ್ಯಾಂಪಲ್ ಹದಿನಾರು ಸಲ ಬಂದರೆ ಯಂತ್ರ ಎಂದು ಥಟ್ಟನೆ ತಿಳಿಯುತ್ತದೆ. ಎರಡು ಮೂರನ್ನು ಸ್ಟೆಪ್ಪಿಗೊಂದರಂತೆ ಪ್ಯಾರಾಮೀಟರ್ ಲಾಕ್ (ಆ ಸ್ಟೆಪ್ಪಿಗೆ ಮಾತ್ರ ಬೇರೆ ಸೆಟ್ಟಿಂಗ್) ಮಾಡಿ ಬದಲಿಸಿ.

ಹೋಳಿಗೆ ಹುಬ್ಬಳ್ಳಿಯಲ್ಲಿ ನುಡಿಯುವ ಜಗ್ಗಲಿಗೆಯ ಪೆಟ್ಟು ಬಹಳ ಹೊತ್ತು ಗುಂಯ್‌ಗುಡುತ್ತದೆ. 120 ಬಿಪಿಎಂನಲ್ಲಿ ಒಂದು ಬೀಟು 500 ಮಿಲಿಸೆಕೆಂಡ್. ಡಿಕೇ ಅದಕ್ಕಿಂತ ಕಡಿಮೆ, 350–400ಕ್ಕೆ ಇಳಿಸಿ, ಇಲ್ಲವಾದರೆ ಕಿಕ್ ಅದರೊಳಗೆ ಮುಳುಗುತ್ತದೆ. ಹಲಗಿ ಮಾತ್ರ ಕತ್ತರಿಸದೆ ಬಿಡಿ, ಅದರ ಚುರುಕು ಪೂರ್ತಿ ಮೊದಲ ಕೆಲವೇ ಮಿಲಿಸೆಕೆಂಡಿನಲ್ಲಿದೆ. ಸ್ಯಾಂಪಲ್ಲಿನ ಶುರುವಿನ ಗೆರೆ ಒಂದಿಷ್ಟು ಹಿಂದೆಮುಂದೆ ಆದರೂ ಆ ಚುರುಕು ಹೋಗಿ ಬರೀ ದಪ್ ಉಳಿಯುತ್ತದೆ. ಗ್ರಿಡ್ಡಿಗೆ ತೀರಾ ಅಂಟಿಕೊಂಡಂತೆ ಅನಿಸಿದರೆ ಸ್ವಿಂಗ್ 54ರಿಂದ 58 ಪ್ರತಿಶತ ಇಟ್ಟು ನೋಡಿ. 120ರಲ್ಲಿ 58 ಎಂದರೆ ಎರಡನೇ ಸ್ಟೆಪ್ 125ರ ಬದಲು 145 ಮಿಲಿಸೆಕೆಂಡಿಗೆ ಬೀಳುತ್ತದೆ. 66 ದಾಟಿದರೆ ಅದು ಮೂರರ ನಡೆ, ಬೇರೆಯದೇ ಲೆಕ್ಕ.

ಎರಡು ಮಷಿನ್ ಕೂಡಿ ಓಡವಲ್ವು. ಒಂದು ಅರ್ಧ ಸ್ಪೀಡಿನ್ಯಾಗ ಹೋಕ್ಕೈತಿ.

ಮಿಡಿ ಕ್ಲಾಕ್ (ಯಂತ್ರಗಳು ಒಂದೇ ವೇಗದಲ್ಲಿ ಓಡಲು ಕಳಿಸುವ ಸಂಕೇತ) ಬೀಟಿಗೆ 24 ಪಲ್ಸ್. ವೋಲ್ಕಾದ 3.5 ಮಿಲಿಮೀಟರ್ ಸಿಂಕ್ ಜಾಕ್ ಎರಡು ಸ್ಟೆಪ್ಪಿಗೆ ಒಂದು ಪಲ್ಸ್, ಅಂದರೆ ಬೀಟಿಗೆ ಎರಡು. ಬೀಟಿಗೆ ನಾಲ್ಕು ಪಲ್ಸ್ ನಿರೀಕ್ಷಿಸುವ ಯಂತ್ರಕ್ಕೆ ಅದನ್ನು ಕೊಟ್ಟರೆ ಸರಿಯಾಗಿ ಅರ್ಧ ವೇಗದಲ್ಲಿ ಓಡುತ್ತದೆ. ಯಾವುದಾದರೂ ಒಂದರ ಸಿಂಕ್ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ.

ಚಿಕ್ಕ ಜಾಕಿನ ಮಿಡಿ ಕೇಬಲ್ ಕೆಲಸವೇ ಮಾಡದಿದ್ದರೆ ಟೈಪ್ ಎ, ಟೈಪ್ ಬಿ ನೋಡಿ. ಎರಡರಲ್ಲಿ ತಂತಿ ಅದಲುಬದಲು ಇರುತ್ತದೆ. 2018ರಲ್ಲಿ ಟೈಪ್ ಎ ಅಧಿಕೃತವಾಯಿತು, ಅದಕ್ಕೂ ಹಳೆಯ ಕೆಲವು ಯಂತ್ರಗಳಲ್ಲಿ ಬಿ ಇದೆ. ತಪ್ಪು ಕೇಬಲ್ ಹಾಕಿದರೆ ಯಂತ್ರ ಸುಡುವುದಿಲ್ಲ, ಸುಮ್ಮನೆ ಏನೂ ಆಗುವುದಿಲ್ಲ.

ಕ್ಲಾಕ್ ಕಳಿಸುವುದು ಒಂದೇ ಇರಲಿ. ಎರಡೂ ಒಂದಕ್ಕೊಂದು ಕಳಿಸುತ್ತಿದ್ದರೆ ಟೆಂಪೋ ತೂಗಾಡುತ್ತದೆ. ಇನ್ನು ಒಂದೇ ಕೇಬಲ್ಲಿನಲ್ಲಿ ತುಂಬ ಸ್ವರ ತುಂಬಬೇಡಿ. ಐದು ಪಿನ್ನಿನ ಮಿಡಿ ಸೆಕೆಂಡಿಗೆ 31,250 ಬಿಟ್ ಸಾಗಿಸುತ್ತದೆ, ಒಂದು ಸ್ವರಕ್ಕೆ ಸುಮಾರು 1 ಮಿಲಿಸೆಕೆಂಡ್ ಬೇಕು. ಒಂದೇ ಸ್ಟೆಪ್ಪಿನಲ್ಲಿ ಹತ್ತು ಸ್ವರ ಕಳಿಸಿದರೆ ಹತ್ತನೆಯದು 10 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಕಾರ್ಡ್ ಹೊಡೆಯುವ ಸ್ಟೆಪ್ಪಿನಲ್ಲಿ ಡ್ರಮ್ ಸಡಿಲವಾಗಿ ಕೇಳಿಸಿದರೆ ಕಾರಣ ಇದೇ ಇರಬಹುದು. ಡ್ರಮ್ ಒಂದು ಕೇಬಲ್ಲಿಗೆ, ಕಾರ್ಡ್ ಇನ್ನೊಂದಕ್ಕೆ ಹಾಕಿ.

ನಡುವ ಕರೆಂಟ್ ಹೋದ್ರ?

ಉಳಿಸದೆ ಇದ್ದದ್ದು ಹೋಯಿತು ಎಂದೇ ತಿಳಿಯಿರಿ. ಒಂದು ಭಾಗ ಮುಗಿದೊಡನೆ ಪ್ರಾಜೆಕ್ಟ್ ಸೇವ್ ಮಾಡುವ ರೂಢಿ ಬೇಕು, ವಾರಕ್ಕೊಮ್ಮೆ ಕಂಪ್ಯೂಟರಿಗೋ ಕಾರ್ಡಿಗೋ ಬ್ಯಾಕಪ್. ಮಳೆಗಾಲದಲ್ಲಿ ಕೂಡುವ ಮೊದಲೇ ಒಂದು ಕಾಪಿ ಇರಲಿ. ವೋಲ್ಕಾ ಆರು ಎಎ ಸೆಲ್ಲಿನ ಮೇಲೆ ನಡೆಯುತ್ತದೆ, ಸರ್ಕಿಟ್ ಟ್ರ್ಯಾಕ್ಸ್‌ಗೆ ಒಳಗೇ ಬ್ಯಾಟರಿ ಇದೆ. ಉಳಿದವಕ್ಕೆ ಕಂಪ್ಯೂಟರಿನ ಚಿಕ್ಕ ಯುಪಿಎಸ್ ಸಾಕು, ಆದರೆ ಸ್ಪೀಕರನ್ನು ಅದಕ್ಕೆ ಹಚ್ಚಬೇಡಿ. ಮನೆಯ ಇನ್ವರ್ಟರ್ ಸೈನ್ ವೇವ್ ಅಲ್ಲದಿದ್ದರೆ ಅಡಾಪ್ಟರಿನಿಂದ ಗೊರ್ ಎಂಬ ಸದ್ದು ಬರುತ್ತದೆ, ಆ ಹೊತ್ತಿನಲ್ಲಿ ರೆಕಾರ್ಡಿಂಗ್ ಬೇಡ.

ಅಡಾಪ್ಟರ್ ಅದಲುಬದಲು ಮಾಡುವ ಮೊದಲು ಮೇಲಿನ ಚಿಹ್ನೆ ನೋಡಿ. ಎರಡೂ 9 ವೋಲ್ಟ್ ಆದರೂ ಗಿಟಾರ್ ಪೆಡಲಿನದು ಒಳಗೆ ಮೈನಸ್, ವೋಲ್ಕಾದ್ದು ಒಳಗೆ ಪ್ಲಸ್.

ಮಿಕ್ಸರಿಗೆ ಹಚ್ಚಿದ ಕೂಡ್ಲೇ ಹಮ್ ಬರತೈತಿ.

50 ಹರ್ಟ್ಸ್‌ನ ಗುಂಯ್ ಎಂದರೆ ಅರ್ಥಿಂಗಿನ ಸುತ್ತು. ಎಲ್ಲ ಯಂತ್ರ, ಮಿಕ್ಸರ್, ಸ್ಪೀಕರನ್ನು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಿ ನೋಡಿ. ಕೀಂಯ್ ಎಂಬ ಸಣ್ಣ ಸದ್ದಾದರೆ ಯುಎಸ್‌ಬಿ ಕೇಬಲ್ ತೆಗೆದು ನೋಡಿ. ಆಗಲೂ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಯಂತ್ರಕ್ಕೂ ಮಿಕ್ಸರಿಗೂ ನಡುವೆ ಹಚ್ಚುವ ಪೆಟ್ಟಿಗೆ) ಬೇಕು. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೆ ಹಮ್ ಹೋಗುತ್ತದೆ, ಆದರೆ ಜೀವಕ್ಕೇ ಅಪಾಯ. ಯಾರು ಹೇಳಿದರೂ ಮಾಡಬೇಡಿ.

ಪ್ರೋಗ್ರಾಮಿನ್ಯಾಗ ನುಡಸೂದೈತಿ. ಮನ್ಯಾಗ ಮಾಡಿದ್ದೇ ನಡೀತೈತೇನ್ರಿ?

ಮೊದಲು ಮಾನೋದಲ್ಲಿ ಕೇಳಿ. ಸಭಾಭವನದ, ಪೆಂಡಾಲಿನ ಸಿಸ್ಟಮ್ ಬಹಳ ಸಲ ಎರಡೂ ಕಡೆ ಒಂದೇ ಧ್ವನಿ ಕೊಡುತ್ತದೆ. ಎಡಬಲಕ್ಕೆ ಹರಡಿದ ಪ್ಯಾಡ್ ಅಲ್ಲಿ ಅರ್ಧ ಮಾಯವಾಗಬಹುದು, ಎಡಕ್ಕೊಂದು ಬಲಕ್ಕೊಂದು ಹಾಕಿದ ಪರ್ಕಶನ್ ಒಂದರ ಮೇಲೊಂದು ಬೀಳಬಹುದು. ಕಿಕ್, ಬೇಸ್ ಎರಡೂ ಮಧ್ಯದಲ್ಲಿರಲಿ. ದೊಡ್ಡ ಜಾಗದಲ್ಲಿ ಪ್ರತಿಧ್ವನಿ ಮೊದಲೇ ಇರುವುದರಿಂದ ರಿವರ್ಬ್ ಸೆಂಡ್ ಅರ್ಧಕ್ಕೆ ಇಳಿಸಿ. ಬ್ರೇಕ್ ಕೂಡ ಚಿಕ್ಕದಾಗಲಿ: ಕೋಣೆಯಲ್ಲಿ 16 ಬಾರ್ ಹಿತವಾಗಿದ್ದದ್ದು ನಿಂತು ಕುಣಿಯುವವರಿಗೆ ಉದ್ದ ಅನಿಸುತ್ತದೆ, ಎಂಟು ಸಾಕು.

ನುಡಿಸುವ ಮೊದಲು ಪ್ರತಿ ಪ್ಯಾಟರ್ನನ್ನೂ ತಾತ್ಕಾಲಿಕವಾಗಿ ಸೇವ್ ಮಾಡಿಡಿ. ಡಿಜಿಟ್ಯಾಕ್ಟ್‌ನಲ್ಲಿ ಫಂಕ್ಷನ್ ಜೊತೆ ಯೆಸ್ ಒತ್ತಿದರೆ ಸೇವ್, ಫಂಕ್ಷನ್ ಜೊತೆ ನೋ ಒತ್ತಿದರೆ ಅದೇ ಸ್ಥಿತಿಗೆ ವಾಪಸ್. ಫಿಲ್ಟರ್, ಡಿಲೇ ಎಲ್ಲ ತಿರುಗಿಸಿ ಗೊಂದಲ ಎಬ್ಬಿಸಿ, ಸಮ್ ಮೇಲೆ ವಾಪಸ್ ಒತ್ತಿದರೆ ಇಡೀ ಟ್ರ್ಯಾಕ್ ಒಮ್ಮೆಗೇ ತನ್ನ ಜಾಗಕ್ಕೆ ಬರುತ್ತದೆ. ಡ್ರಾಪಿಗೆ (ಬ್ರೇಕ್ ಮುಗಿದು ಎಲ್ಲ ಒಮ್ಮೆಗೇ ಮರಳುವ ಜಾಗ) ಇದಕ್ಕಿಂತ ಒಳ್ಳೆಯ ಉಪಾಯ ಹಾರ್ಡ್‌ವೇರಿನಲ್ಲಿ ಇಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಸೆಟ್ಟನ್ನು 9.45ಕ್ಕೆ ಮುಗಿಯುವಂತೆ ಬಾರ್ ಲೆಕ್ಕ ಹಾಕಿ.

ರೆಕಾರ್ಡ್ ಮಾಡೂದು, ಮುಗಸೂದು ಹೆಂಗ?

24 ಬಿಟ್, 44.1 ಅಥವಾ 48 ಕಿಲೋಹರ್ಟ್ಸ್, ಜೋರಾದ ಜಾಗದಲ್ಲಿ ಮೈನಸ್ 6ರಿಂದ ಮೈನಸ್ 12 ಡೆಸಿಬಲ್. ತುಂಬಿದ ಪ್ಯಾಟರ್ನ್ ನುಡಿಸಿಯೇ ಲೆವೆಲ್ ಹೊಂದಿಸಿ, ಶುರುವಿನ ಪ್ಯಾಟರ್ನಿನಲ್ಲಿ ಹೊಂದಿಸಿದರೆ ಮೂರನೇ ನಿಮಿಷಕ್ಕೆ ಒಡೆಯುತ್ತದೆ. 24 ಬಿಟ್, 44.1ರ ಸ್ಟೀರಿಯೋ ನಿಮಿಷಕ್ಕೆ ಸುಮಾರು 16 ಎಂಬಿ, ಆರು ನಿಮಿಷಕ್ಕೆ 95. ಕಾರ್ಡಿನಲ್ಲಿ ಜಾಗ ಇದೆಯೇ ನೋಡಿಕೊಂಡು ಮೂರು ಟೇಕ್ ತೆಗೆಯಿರಿ. ಎರಡು ಟೇಕುಗಳ ಒಳ್ಳೆಯ ಭಾಗ ಕೂಡಿಸುವುದಿದ್ದರೆ ಬಾರಿನ ಒಂದನೇ ಕಿಕ್ ಮೇಲೆ ಕತ್ತರಿಸಿ, ಟೆಂಪೋ ಮುಟ್ಟಿಲ್ಲದಿದ್ದರೆ ಸರಿಯಾಗಿ ಕೂರುತ್ತದೆ.

ಮುಗಿಸುವಾಗ ಸ್ಟಾಪ್ ಒತ್ತಬೇಡಿ. ಕೆಲವು ಯಂತ್ರಗಳಲ್ಲಿ ಸ್ಟಾಪಿನೊಂದಿಗೆ ಡಿಲೇ ಬಾಲವೂ ಕಡಿಯುತ್ತದೆ, ಎರಡನೇ ಸಲ ಒತ್ತಿದರಂತೂ ಎಲ್ಲ ಧ್ವನಿ ನಿಲ್ಲುತ್ತದೆ. ಎಂಟನೇ ಪ್ಯಾಟರ್ನ್ ಆದ ಮೇಲೆ ಒಂಬತ್ತನೆಯದು ಇಡಿ: ಒಂದನೇ ಸ್ಟೆಪ್ಪಿಗೆ ಒಂದೇ ಪೆಟ್ಟು, ಅದರ ಡಿಲೇ ಸೆಂಡ್ ಪೂರ್ತಿ ಮೇಲೆ, ಉಳಿದ 63 ಸ್ಟೆಪ್ ಖಾಲಿ. ಸಾಂಗ್ ಮೋಡಿದ್ದರೆ ಅದರ ನಂತರ ಪೂರ್ತಿ ಖಾಲಿಯಾದ ಹತ್ತನೆಯದು, ಎರಡು ಸಲ. 124ರಲ್ಲಿ ಒಟ್ಟು 23 ಸೆಕೆಂಡ್ ಸಿಗುತ್ತದೆ, ಯಾವ ರಿವರ್ಬಿಗೂ ಸಾಕು. ರೆಕಾರ್ಡರ್ ನಿಲ್ಲಿಸುವುದು ಅದೂ ಮುಗಿದು ಐದು ಸೆಕೆಂಡ್ ಆದ ಮೇಲೆ.